ಪ್ರೆಸ್ ನಿಂತಿದೆ

ಅರಳೆ ಕಾರ್ಖಾನೆಯ ಯಂತ್ರಗಳನ್ನು ಸಾಲಾಗಿ ಶುರು ಮಾಡುವ, ಸಾಲಾಗಿ ನಿಲ್ಲಿಸುವ ಸಾಫ್ಟ್‌ವೇರ್ ಬರೆದವಳು ನಾನು. ಮೊದಲು ಸೈರನ್, ಆಮೇಲೆ ಫ್ಯಾನು, ಹತ್ತಿಯಿಂದ ಬೀಜ ಬಿಡಿಸುವ ಜಿನ್ನುಗಳು, ಕೊನೆಗೆ ಅರಳೆಯನ್ನು ಅದುಮಿ ಗಂಟು ಮಾಡುವ ಪ್ರೆಸ್. ಪರೀಕ್ಷೆ ಮಾಡುವಾಗಲೆಲ್ಲ ಅಷ್ಟು ದೊಡ್ಡ ಪ್ರೆಸ್ ಓಡಿಸಲಾಗುವುದಿಲ್ಲ. ಅದಕ್ಕೇ ಅದರ ಹೆಸರಿನಲ್ಲಿ ಒಂದು ಡಮ್ಮಿ, ಅಂದರೆ ನಕಲಿ ಪ್ರೋಗ್ರಾಂ ಇಟ್ಟಿದ್ದೆ. ಅದು ಏನನ್ನೂ ಓಡಿಸುವುದಿಲ್ಲ. ಶುರುವಾಗು ಎಂದರೆ ‘ಶುರುವಾಗಿದೆ’ ಎನ್ನುತ್ತದೆ, ನಿಲ್ಲು ಎಂದರೆ ‘ನಿಂತಿದೆ’ ಎನ್ನುತ್ತದೆ, ಅಷ್ಟೇ. ಶನಿವಾರ ಅದನ್ನು ತೆಗೆದು ನಿಜವಾದದ್ದನ್ನು ಜೋಡಿಸಬೇಕಿತ್ತು. ಮರೆತೆ.

ಸೋಮವಾರ ಬೆಳಿಗ್ಗೆ ಎಲ್ಲ ಯಂತ್ರಗಳೂ ಎದ್ದವು, ಪ್ರೆಸ್ ಏಳಲಿಲ್ಲ.

“ಏನವಾ ಸೃಷ್ಟಿ, ನಿನ್ನ ಕಂಪ್ಯೂಟರ್ ಇನ್ನೂ ನಾಷ್ಟಾ ಮಾಡಿಲ್ಲೇನು?” ಎಂದರು ಫಿಟ್ಟರ್ ಕಾಸಿಮಸಾಬ ಚಾಚಾ.

“ನಿಮ್ಮಂಗರಿ ಚಾಚಾ, ನಾಷ್ಟಾ ಮಾಡಿನ ಮಲಗೇತಿ,” ಎಂದ ಕಂಪ್ಯೂಟರ್ ಮುಂದೆ ಕೂರುವ ಹನಮೇಶ.

ಎಲ್ಲರೂ ನಕ್ಕರು. ಚಾಚಾ ಗುಂಡಿ ಒತ್ತಿ ಪ್ರೆಸ್ಸನ್ನು ಕೈಯಾರೆ ಶುರು ಮಾಡಿದರು. ಡಮ್ಮಿ ತೆಗೆದಿಲ್ಲವೆಂದು ನನಗೆ ಆಗಲೇ ಹೊಳೆಯಿತು. ಇಪ್ಪತ್ತು ಗಂಡಸರ ಮುಂದೆ ‘ನಿಲ್ಲಿಸ್ರಿ’ ಎನ್ನಲು ಬಾಯಿ ಬರಲಿಲ್ಲ. ಊಟದ ಹೊತ್ತಿಗೆ ಸರಿಪಡಿಸಿದರಾಯಿತು ಎಂದುಕೊಂಡೆ.

ಹನ್ನೊಂದಕ್ಕೆ ಪ್ರೆಸ್ಸಿನಲ್ಲಿ ಗಂಟು ಬಿಗಿಯುವ ಪಟ್ಟಿ ಸಿಕ್ಕಿಕೊಂಡಿತು. ಹನಮೇಶ ‘ನಿಲ್ಲಿಸು’ ಒತ್ತಿದ. ಪರದೆಯ ಮೇಲೆ ಒಂದೊಂದೇ ಸಾಲು ಕೆಂಪಾಯಿತು. ‘ಪ್ರೆಸ್ ನಿಂತಿದೆ’ ಎಂದಿತು. ಫ್ಯಾನಿನ ಭೋರ್ಗರೆತ ಇನ್ನೂ ಆರಿರಲಿಲ್ಲ, ಅದರಲ್ಲಿ ಪ್ರೆಸ್ಸಿನ ಸದ್ದು ಕೇಳುವಂತಿರಲಿಲ್ಲ.

“ನಿಂತೈತ್ರಿ ಚಾಚಾ!”

ನಾನು ಎದ್ದು ನಿಂತೆ. ಚಾಚಾ ಅಷ್ಟರಲ್ಲಿ ಬಲಗೈ ಹಾಕಿಬಿಟ್ಟಿದ್ದರು. ಪ್ರೆಸ್ ಇಳಿಯಿತು.

ಹಸಿ ಕಬ್ಬು ಗಾಣಕ್ಕೆ ಸಿಕ್ಕಂಥ ಸದ್ದು. ಆಮೇಲೆ ಅವರ ಕೂಗು. ಅರಳೆ ರಕ್ತವನ್ನು ಹೀರುತ್ತಲೇ ಹೋಯಿತು. ಹನಮೇಶನೇ ಓಡಿಹೋಗಿ ಪ್ರೆಸ್ಸಿನ ಮೇನ್ ಸ್ವಿಚ್ ಎಳೆದ. ಕೈಪಂಪು ಹೊಡೆದು ಪ್ರೆಸ್ಸನ್ನು ಎತ್ತಿದಾಗ ಮೊಣಕೈಯಿಂದ ಕೆಳಗೆ ಕೈ ಎನ್ನುವಂಥದ್ದು ಉಳಿದಿರಲಿಲ್ಲ.

ಚಾಚಾ ಅವರನ್ನು ಟೆಂಪೊದಲ್ಲಿ ಹಾಕಿ ದವಾಖಾನೆಗೆ ಒಯ್ದರು. ಕಾರ್ಖಾನೆಯಲ್ಲೇ ಹಮಾಲಿ ಮಾಡುತ್ತಿದ್ದ ಅವರ ಮಗ ಅರಫಾತ ಟೆಂಪೊ ಹತ್ತಲಿಲ್ಲ. ಕಬ್ಬಿಣದ ಸಲಾಕೆ ಎತ್ತಿಕೊಂಡ.

“ನಿಂತೈತಿ ಅಂದ್ಯಲ್ಲಲೇ!”

ಮೊದಲ ಏಟು ಹನಮೇಶನ ಹೆಗಲಿಗೆ, ಎರಡನೆಯದು ಬಾಯಿಗೆ.

“ಕಂಪ್ಯೂಟರ್ ಹಂಗ ತೋರಿಸ್ತೋ ಅಣ್ಣಾ...”

“ಕಂಪ್ಯೂಟರ್ ಸುಳ್ಳ ಹೇಳಂಗಿಲ್ಲ,” ಎಂದರು ಮಾಲೀಕ ಶಾಂತಯ್ಯನವರು. “ಈ ಮಗಾ ಗುಂಡಿನ ಒತ್ತಿಲ್ಲ.”

ಅಷ್ಟು ಸಾಕಾಯಿತು. ಇನ್ನೊಬ್ಬ ಹಮಾಲ ದ್ಯಾಮಣ್ಣ ಅವನ ಪಕ್ಕೆಗೆ ಒದ್ದ. ಎಲುಬು ಮುರಿದದ್ದು ನನಗೆ ಕೇಳಿಸಿತು.

“ತಪ್ಪು ನಂದು,” ಎಂದೆ. ನನ್ನ ಕಿವಿಗೇ ಕೇಳಲಿಲ್ಲ. ಶಾಂತಯ್ಯನವರು ಮಾತ್ರ ತುಟಿ ನೋಡಿ ತಿಳಿದುಕೊಂಡು ನನ್ನ ರಟ್ಟೆ ಹಿಡಿದರು. “ಸುಮ್ಮನಿರವಾ. ನಿನಗೂ ನನಗೂ ಇಬ್ಬರಿಗೂ ಜೇಲಾಕ್ಕೈತಿ.”

ಹನಮೇಶ ಕೂಗುವುದನ್ನು ನಿಲ್ಲಿಸಿದ್ದ. ಅರಫಾತ ಅವನ ತಲೆಗೆ ಸಲಾಕೆ ಎತ್ತಿದ.

ನಾನು ಕೊಸರಿಕೊಂಡು ಕಂಪ್ಯೂಟರಿಗೆ ಹಾರಿದೆ. ಸೈರನ್ ಒಂದನ್ನೇ ಶುರು ಮಾಡಿದೆ. ಅದರ ಅರಚಾಟಕ್ಕೆ, ಯಂತ್ರ ಮತ್ತೆ ಶುರುವಾಯಿತೆಂದು, ಎಲ್ಲರೂ ಪ್ರೆಸ್ ಕಡೆಗೆ ತಿರುಗಿ ಹಿಂದೆ ಸರಿದರು. ನಿಲ್ಲಿಸಿದೆ. ಮೌನದಲ್ಲಿ ನನ್ನ ದನಿಯೊಂದೇ ಇತ್ತು.

“ಅಂವ ಒತ್ಯಾನ್ರಿ, ನಾ ನೋಡೇನಿ. ಸುಳ್ಳ ಹೇಳಿದ್ದು ನಾ ಇಟ್ಟ ಡಮ್ಮಿ. ಪ್ರೆಸ್ಸಿಗೆ ನಿಲ್ಲಂತ ಹೇಳಿಲ್ರಿ ಅದು. ಮುಂಜಾನೇನ ಗೊತ್ತಾಗಿತ್ತು ನನಗ. ಹೇಳಲಿಲ್ಲ.”

ಅರಫಾತ ಅಲ್ಲಾಡಲಿಲ್ಲ. ಕಂಬ ಹಿಡಿದು ಎದ್ದು ಬಂದವನು ಹನಮೇಶ. ರಕ್ತದ ಜೊತೆ ಒಂದು ಹಲ್ಲು ಉಗುಳಿದ. ಹೊಡೆದ. ನನ್ನ ತಲೆ ಗೋಡೆಗೆ ಬಡಿಯಿತು.

“ಮುಂಜಾನೇನ ಗೊತ್ತಿತ್ತು?” ಮತ್ತೆ ಹೊಡೆದ.

ಯಾರೂ ಬಿಡಿಸಲಿಲ್ಲ. ನಾನು ಮುಖಕ್ಕೆ ಕೈ ಅಡ್ಡ ತರಲಿಲ್ಲ. ಮೂರನೆಯ ಏಟಿಗೆ ಅರಫಾತ ಅವನ ಕೈ ಹಿಡಿದ.

“ಬಿಡು. ಆಕಿ ಸತ್ರ ಸಾಕ್ಷಿ ಯಾರ ಹೇಳ್ತಾರ?” ನನ್ನ ಕಡೆ ತಿರುಗಿದ. “ಠಾಣೆದಾಗೂ ಇದನ್ನ ಹೇಳ್ತಿಯೇನು?”

ತಲೆ ಆಡಿಸಿದೆ.

“ಬಾಯಿ ತಗದ ಹೇಳಬೇ!”

“ಹೇಳ್ತೇನ್ರಿ,” ಎಂದೆ. ಹಿಂದಿನಿಂದ ಶಾಂತಯ್ಯನವರು ಕರೆಯುತ್ತಿದ್ದರು. ದ್ಯಾಮಣ್ಣ ಹನಮೇಶನನ್ನು ಹೆಗಲ ಮೇಲೆ ಹಾಕಿಕೊಂಡಿದ್ದ. ನಾವು ನಾಲ್ವರೂ ಠಾಣೆಯ ದಾರಿ ಹಿಡಿದು ಗೇಟು ದಾಟಿದೆವು.