ಸ್ಟೇಷನ್ನಿನ ಆಚೆ

ರಿಕ್ಷಾ ಸ್ಟ್ಯಾಂಡಿನ ಹತ್ತಿರವೂ ಅನುಷ್ಕಾ ಇರಲಿಲ್ಲ. ಶರ್ಮಿಳಾ ಸಾಲಿನಲ್ಲಿ ನಿಂತವರ ಮುಖ ನೋಡಲಿಲ್ಲ, ಅವರ ಎದೆಯಿಂದ ಕೆಳಗೆ ನೋಡುತ್ತ ಹೋದಳು. ಹತ್ತು ವರ್ಷದ ಮಗಳು ಅಷ್ಟೇ ಎತ್ತರ. ಕೈಚೀಲಗಳು, ಕೊಡೆಗಳು, ಮೆಂತ್ಯದ ಕಟ್ಟುಗಳು ಕಂಡವು. ನೀಲಿ ಯೂನಿಫಾರ್ಮು ಕಾಣಲಿಲ್ಲ.

ವಡಾಪಾವಿನ ಗಾಡಿ, ಪೇಪರ್ ಸ್ಟಾಲು, ಮತ್ತೆ ವಡಾಪಾವಿನ ಗಾಡಿ. ಡೊಂಬಿವಲಿ ಸ್ಟೇಷನ್ನಿನ ಪೂರ್ವದ ಬಾಗಿಲಿನಿಂದ ಹೊರಬೀಳುವ ಜನ ಅವಳನ್ನು ಭುಜದಿಂದ ಸರಿಸಿ ಮುಂದೆ ಹೋಗುತ್ತಿದ್ದರು. ಗಂಟೆ ಆರೂ ಇಪ್ಪತ್ತೈದು. ಟ್ಯೂಷನ್ ಬಿಡುವುದು ಆರಕ್ಕೆ.

ಮಗಳು ಒಬ್ಬಳೇ ಬರುವುದು ಇವತ್ತೇ ಮೊದಲು. ಇದಕ್ಕಾಗಿ ಮನೆಯಲ್ಲಿ ಒಂದು ತಿಂಗಳು ಚರ್ಚೆಯಾಗಿತ್ತು. ದಿನವೂ ಟ್ಯೂಷನ್ನಿನಿಂದ ಕರೆತರುತ್ತಿದ್ದುದು ಮಾವ ಮುಂಡಪ್ಪ. ಕರೆತಂದವರು ಚಪ್ಪಲಿ ಬಿಡುವ ಮೊದಲೇ ಶುರು ಮಾಡುತ್ತಿದ್ದರು. "ಫಾರಮ್ಮಿನ ಕೋಳಿ ಮಾಡಿ ಇಟ್ಟಿದ್ದೀರಿ ಮಗುವನ್ನು. ಈ ಪ್ರಾಯದಲ್ಲಿ ನಾವು ಎಂತೆಲ್ಲ ಮಾಡಿದ್ದೇವೆ ಗೊತ್ತುಂಟಾ ನಿಂಗೆ?"

ಶರ್ಮಿಳಾಳಿಗೆ ಗೊತ್ತಿತ್ತು. ಮದುವೆಯಾದಾಗಿನಿಂದ ಕೇಳುತ್ತಿದ್ದಳು. ಮಾವನ ಅಪ್ಪ ಕಲ್ಯಾಣದ ಒಂದು ಹೋಟೆಲಿನಲ್ಲಿ ಅಡಿಗೆಗೆ ಇದ್ದವರು. ಹತ್ತು ವರ್ಷದ ಮುಂಡಪ್ಪ ದುರ್ಗಾಡಿ ಕೋಟೆಯ ಕೆಳಗೆ ಖಾಡಿಯ ಹಿನ್ನೀರಿಗೆ ಹಾರಿ, ಮರಳಿನ ದೋಣಿಗಳ ಅಡಿಯಿಂದ ಈಜಿ ಆ ಬದಿಯಲ್ಲಿ ತಲೆ ಎತ್ತುತ್ತಿದ್ದರಂತೆ. ಗೂಡ್ಸ್ ಗಾಡಿಯ ಕೊನೆಯ ಡಬ್ಬಿಗೆ ಜೋತುಬಿದ್ದು ಡೊಂಬಿವಲಿಗೆ ಬಂದು, ಹಳಿಯ ಮೇಲೆ ನಡೆದುಕೊಂಡೇ ವಾಪಸಾಗುತ್ತಿದ್ದರಂತೆ. ಆಗ ಇಲ್ಲಿ ಇಷ್ಟು ಗಾಡಿ ಎಲ್ಲಿ, ಇಷ್ಟು ಜನ ಎಲ್ಲಿ. ಅನುಷ್ಕಾ ಊಟ ಮರೆತು ಕೇಳುತ್ತಿದ್ದಳು. "ಫಿರ್ ಕ್ಯಾ ಹುವಾ ಅಜ್ಜಾ?" ಎನ್ನುತ್ತಿದ್ದಳು. ಅಜ್ಜನ ಕನ್ನಡ ಅವಳಿಗೆ ಪೂರ್ತಿ ತಿಳಿಯುತ್ತಿತ್ತು. ಬಾಯಿಗೆ ಮಾತ್ರ ಹಿಂದಿಯೇ ಬರುತ್ತಿತ್ತು.

ಕೊನೆಗೆ ಗಂಡ ತಾರಾನಾಥ, "ಮುನ್ನೂರು ಹೆಜ್ಜೆ ತಾನೆ, ಬರ್ಲಿ ಬಿಡು" ಎಂದು ಕಾಮೋಠೆಯ ಆಫೀಸಿಗೆ ಹೊರಟುಹೋಗಿದ್ದ. ಟ್ಯೂಷನ್ನಿನಿಂದ ಸ್ಟೇಷನ್ನಿನೊಳಗಿನ ಟಿಕೆಟ್ ಕಿಟಕಿಯವರೆಗೆ ಮುನ್ನೂರು ಹೆಜ್ಜೆ. ಮಗಳು ಅಲ್ಲಿ ನಿಂತಿರಬೇಕು. ಠಾಣೆಯ ನೌಪಾಡಾದಲ್ಲಿ ಕನ್ನಡಕದ ಅಂಗಡಿಯ ಕೆಲಸ ಮುಗಿಸಿ ಲೋಕಲಿನಲ್ಲಿ ಬರುವ ತಾಯಿ ಅವಳನ್ನು ಕರೆದುಕೊಂಡು ಮನೆಗೆ ಹೋಗಬೇಕು. ಅಷ್ಟೇ.

ಆದರೆ ಗಾಡಿ ಮುಂಬ್ರಾ ದಾಟಿ ನಿಂತುಬಿಟ್ಟಿತು. ಹೀಗೆ ನಿಂತರೆ ಮುಂದೆ ಸ್ಟೇಷನ್ನುಗಳಲ್ಲಿ ಜನ ಕಟ್ಟಿಕೊಳ್ಳುತ್ತದೆ, ಟಿಕೆಟ್ ಕಿಟಕಿಯ ಬಳಿ ಮಗು ಕಾಲಡಿಗೆ ಸಿಕ್ಕುತ್ತದೆ ಎಂದು ಶರ್ಮಿಳಾಳಿಗೆ ಹೆದರಿಕೆಯಾಯಿತು. ಟ್ಯೂಷನ್ ಟೀಚರಿಗೆ ಫೋನು ಮಾಡಿ ಮಗಳನ್ನು ಕರೆಸಿದಳು. ಹೆಂಗಸರ ಡಬ್ಬಿಯ ಗದ್ದಲದಲ್ಲಿ ಇನ್ನೊಂದು ಕಿವಿ ಮುಚ್ಚಿಕೊಂಡು ಹೇಳಿದಳು.

"ಅನು, ಸ್ಟೇಷನ್ ಒಳಗೆ ಬರ್ಬೇಡ. ರಶ್ ಇರತ್ತೆ. ಆಚೆ ನಿಂತ್ಕೊಂಡಿರು."

"ಆಚೆ?"

"ಹೂಂ, ಸ್ಟೇಷನ್ ಆಚೆ. ಎಷ್ಟೊತ್ತಾದ್ರೂ ಅಲ್ಲೇ ಇರ್ಬೇಕು."

"ಅಕೇಲೀ ಜಾವೂಂ?"

"ಒಬ್ಳೇ. ಹೆದರ್ಕೋಬೇಡ. ದೊಡ್ಡವಳಾಗಿದೀಯ ಅಲ್ವಾ?"

"ಓಕೆ ಮಮ್ಮಿ," ಎಂದಳು ಅನುಷ್ಕಾ. ದನಿಯಲ್ಲಿ ಹೆದರಿಕೆ ಇರಲಿಲ್ಲ. ಬೇರೇನೋ ಇತ್ತು. ಗಾಡಿ ಹೊರಟ ಜಗ್ಗಿಗೆ ಶರ್ಮಿಳಾ ಅದನ್ನು ಮರೆತಿದ್ದಳು.

ಈಗ ಮತ್ತೆ ಟೀಚರಿಗೆ ಫೋನು ಮಾಡಿದಳು. "ಸಹಾ ವಾಜತಾಚ್ ನಿಘಾಲೀ ನಾ ತೀ," ಎಂದರು ಟೀಚರ್, ಆರಕ್ಕೇ ಹೊರಟಳಲ್ಲ ಎಂದು. ತಾರಾನಾಥನ ಫೋನು ಸಿಗಲಿಲ್ಲ. ಮಾವನಿಗೆ ಮಾಡಿದಳು.

ಮುಂಡಪ್ಪ ಹತ್ತು ನಿಮಿಷದೊಳಗೆ ರಿಕ್ಷಾದಲ್ಲಿ ಬಂದಿಳಿದರು. ಅಂಗಿಯ ಗುಂಡಿಗಳು ಒಂದರ ಮನೆಗೆ ಒಂದು ಸೇರಿದ್ದವು.

"ಹೆದರ್ಬೇಡ ಮಾರಾಯ್ತಿ. ಎಲ್ಲಿಗೆ ಹೋಗ್ತದೆ ಮಗು? ಎಲ್ಲಿಯೋ ಎಂತದೋ ನೋಡ್ತಾ ನಿಂತಿರ್ತದೆ. ನಾವೆಲ್ಲ ಈ ಪ್ರಾಯದಲ್ಲಿ..."

"ನೀವೇನು ಮಾಡಿದ್ರಿ ಅಂತ ಈಗ ಬೇಡ ಮಾವ."

ಹನ್ನೆರಡು ವರ್ಷಗಳಲ್ಲಿ ಅವಳು ಅವರ ಮಾತನ್ನು ಅರ್ಧಕ್ಕೆ ತಡೆದದ್ದು ಇದೇ ಮೊದಲು. ಮುಂಡಪ್ಪ ಜನರ ಮೇಲಿಂದ ಕತ್ತು ಚಾಚಿ ಆ ಕಡೆ ಈ ಕಡೆ ನೋಡಿದರು. ಆಮೇಲೆ ನಿಧಾನವಾಗಿ ಕೇಳಿದರು.

"ನೀನು ಅವಳಿಗೆ ಹೇಳಿದ್ದು ಎಂತ? ಹೇಳಿದ ಹಾಗೇ ಹೇಳು."

"ಒಳಗೆ ಬರ್ಬೇಡ, ಸ್ಟೇಷನ್ ಆಚೆ ನಿಂತ್ಕೊಂಡಿರು ಅಂದೆ."

"ಹೊರಗೆ ಅಂತ ಹೇಳಿದ್ದಾ? ಆಚೆ ಅಂತ ಹೇಳಿದ್ದಾ?"

"ಎರಡೂ ಒಂದೇ ಅಲ್ವಾ," ಎಂದವಳು ಅಲ್ಲಿಗೇ ನಿಂತಳು.

ಒಂದೇ ಅಲ್ಲ. ಈ ಮನೆಯಲ್ಲಿ ಎಂದೂ ಒಂದೇ ಆಗಿರಲಿಲ್ಲ. ಹೆತ್ತವರು ಉಡುಪಿಯ ಕಡೆಯವರಾದರೂ ಶರ್ಮಿಳಾ ಬೆಳೆದದ್ದು ಬೆಂಗಳೂರಿನಲ್ಲಿ. ಮದುವೆಯಾದ ಹೊಸದರಲ್ಲಿ ಒಮ್ಮೆ, "ಅತ್ತೆ, ಚಪ್ಪಲಿ ಆಚೆ ಇಟ್ಟಿದೀನಿ" ಎಂದಾಗ ಅತ್ತೆ ಹೋಗಿ ಪಕ್ಕದ ಫ್ಲಾಟಿನ ಬಾಗಿಲು ತಟ್ಟಿದ್ದರು. ಆಚೆ ಎಂದರೆ ಇವರಿಗೆ ಹೊರಗೆ ಅಲ್ಲ, ಆ ಬದಿ. ಮನೆಯವರೆಲ್ಲ ಒಂದು ವಾರ ನಕ್ಕಿದ್ದರು. ಅಂದಿನಿಂದ ಅವಳು ನಾಲಗೆ ತಿದ್ದಿಕೊಂಡು ಹೊರಗೆ, ಹೊರಗೆ ಎಂದೇ ಹೇಳುತ್ತಿದ್ದಳು. ಇವತ್ತು ಆ ನೂಕಾಟದಲ್ಲಿ, ಹೆದರಿಕೆಯಲ್ಲಿ, ತವರಿನ ಮಾತು ಬಾಯಿಗೆ ಬಂದಿತ್ತು. ಮಗಳ ಕನ್ನಡವಾದರೋ ಅಜ್ಜನ ಕನ್ನಡ.

ಸ್ಟೇಷನ್ನಿನ ಆ ಬದಿ. ಅಂದರೆ ಹಳಿಗಳ ಆ ಬದಿ, ಪಶ್ಚಿಮ, ವಿಷ್ಣುನಗರ.

"ಬ್ರಿಜ್ಜಿನಲ್ಲಿ ಹೋಗಿರ್ತಾಳೆ," ಎಂದರು ಮುಂಡಪ್ಪ.

"ಬ್ರಿಜ್ ಮೆಟ್ಟಿಲು ಒಳಗಿದೆ. ಒಳಗೆ ಬರ್ಬೇಡ ಅಂದಿದೀನಿ."

ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ. ರಿಕ್ಷಾ ಸ್ಟ್ಯಾಂಡು ದಾಟಿ ಸ್ವಲ್ಪ ದೂರದಲ್ಲಿ ರೈಲ್ವೆಯ ಗೋಡೆ ಒಂದು ಕಡೆ ಒಡೆದಿತ್ತು. ಅವಸರದ ಜನ ಅಲ್ಲಿಂದ ಇಳಿದು ಹಳಿ ದಾಟುತ್ತಿದ್ದರು. ಆ ಸಂದಿನ ಪಕ್ಕ ಹೂವಿನ ಗಜರೆ ಮಾರುವ ಹೆಂಗಸೊಬ್ಬಳು ಬುಟ್ಟಿಗೆ ನೀರು ಚಿಮುಕಿಸುತ್ತಿದ್ದಳು. ನೀಲಿ ಯೂನಿಫಾರ್ಮಿನ ಹುಡುಗಿ ಕಂಡಳೇ ಎಂದು ಶರ್ಮಿಳಾ ಕೇಳಿದಳು.

"ಏಕ್ ಪೋರ್‌ಗೀ ಗೇಲೀ ನಾ ಇಥೂನ್," ಎಂದಳು ಹೆಂಗಸು, ಒಬ್ಬ ಹುಡುಗಿ ಇಲ್ಲಿಂದಲೇ ಹೋದಳಲ್ಲ ಎಂದು. ನೆನೆದು ಅವಳಿಗೆ ನಗು ಬಂತು. "ಖಾಲೀ ಬಸೂನ್ ರುಳಾಲಾ ಕಾನ್ ಲಾವಲಾ ತಿನೇ."

ಕೆಳಗೆ ಕೂತು ಹಳಿಗೆ ಕಿವಿ ಇಟ್ಟಳಂತೆ. ಶರ್ಮಿಳಾಳಿಗೆ ಅರ್ಥವಾಗಲಿಲ್ಲ. ಮಾವನ ಕಡೆ ತಿರುಗಿದಳು. ಮುಂಡಪ್ಪ ಗೋಡೆಗೆ ಕೈ ಕೊಟ್ಟು ನಿಂತಿದ್ದರು.

"ದೇವೆರೇ," ಎಂದರು ತುಳುವಿನಲ್ಲಿ. ಆಮೇಲೆ, "ಗಾಡಿ ಬರುವುದು ಹಳಿಯಲ್ಲಿ ಮೊದಲೇ ಕೇಳ್ತದೆ. ನಾವು ಹಾಗೆ ಮಾಡ್ತಿದ್ದೆವು. ಕಥೆ ಅಂತ ಹೇಳಿದ್ದು ನಾನು ಅವಳಿಗೆ. ಕಥೆ ಅಂತ."

ಅಷ್ಟರಲ್ಲಿ ಕಲ್ಯಾಣದ ಕಡೆಯಿಂದ ಬರುತ್ತಿದ್ದ ಫಾಸ್ಟ್ ಗಾಡಿ ಉದ್ದಕ್ಕೆ ಹಾರ್ನ್ ಹೊಡೆಯಿತು. ಬಿಡದೆ ಹೊಡೆಯಿತು. ಗಾಲಿಗಳು ಕಿರುಗುಟ್ಟಿದವು, ಗಾಡಿ ಪ್ಲಾಟ್‌ಫಾರ್ಮ್ ಮುಟ್ಟುವ ಮೊದಲೇ ನಿಂತಿತು. ಬಾಗಿಲುಗಳಿಂದ ತಲೆಗಳು ಹೊರಬಂದವು. "ಕೋಣೀತರೀ ಖಾಲೀ ಆಲಾ ವಾಟತೇ," ಎಂದ ಯಾರೋ, ಬಸ್ಸು ತಪ್ಪಿತು ಎನ್ನುವಷ್ಟು ಸಹಜವಾಗಿ. ಯಾರೋ ಗಾಡಿಯ ಕೆಳಗೆ ಸಿಕ್ಕಿರಬೇಕು ಎಂದು.

ಶರ್ಮಿಳಾ ಗೋಡೆಯ ಸಂದಿಗೆ ಕಾಲಿಟ್ಟಳು. ಚಪ್ಪಲಿಯ ಕೆಳಗೆ ಜಲ್ಲಿ ಜಾರಿತು. ಎದುರಿಗೆ ಹಳಿಗಳು, ಅವುಗಳ ಆಚೆ ಪಶ್ಚಿಮದ ಬೋರ್ಡುಗಳ ದೀಪ. ಹೆಚ್ಚೆಂದರೆ ಐವತ್ತು ಹೆಜ್ಜೆ. ಹಿಂದಿನಿಂದ ಅವಳ ಮಣಿಕಟ್ಟನ್ನು ಯಾರೋ ಹಿಡಿದರು.

"ಬೇಡ."

"ಬಿಡಿ ಮಾವ. ಬ್ರಿಜ್ ಹತ್ತಿ ಇಳಿಯೋಕೆ ಹತ್ತು ನಿಮಿಷ ಆಗತ್ತೆ."

"ಆಗ್ಲಿ. ಇಲ್ಲಿಂದ ಬೇಡ." ಮುಂಡಪ್ಪನವರ ಹಿಡಿತ ಸಡಿಲವಾಗಲಿಲ್ಲ. "ನಾನು ಹೇಳ್ತಿದ್ದೇನೆ, ಇಲ್ಲಿಂದ ಬೇಡ."

ಸ್ಟೇಷನ್ನಿನೊಳಗೆ ಬ್ರಿಜ್ಜಿನ ಮೆಟ್ಟಿಲಿನಲ್ಲಿ ಜನ ಗೋಡೆಯಂತೆ ಇಳಿದು ಬರುತ್ತಿತ್ತು. ಶರ್ಮಿಳಾ ಮೊಣಕೈಯಿಂದ ದಾರಿ ಮಾಡುತ್ತ ಹತ್ತಿದಳು. ಮಾವ ಕಂಬಿ ಹಿಡಿದು, ಒಂದು ಮೆಟ್ಟಿಲಿಗೆ ಎರಡೂ ಕಾಲು ಇಡುತ್ತ ಹಿಂದೆ ಬಂದರು. ಅವರನ್ನು ಬಿಟ್ಟು ಓಡಬೇಕೆನಿಸಿತು. ಓಡಲು ಜಾಗವೇ ಇರಲಿಲ್ಲ.

ಸೇತುವೆಯ ಮೇಲೆ ಜಾಲರಿಗೆ ಮುಖ ಒತ್ತಿ ಕೆಳಗೆ ನೋಡಿದಳು. ನಿಂತ ಗಾಡಿಯ ಮುಂದೆ, ಎರಡು ಹಳಿಗಳ ನಡುವೆ ಏನೋ ನೀಲಿ ಬಿದ್ದಿತ್ತು. ಮೋಟರ್‌ಮ್ಯಾನ್ ಕಿಟಕಿಯಿಂದ ಬಾಗಿ ನೋಡುತ್ತಿದ್ದ. ಗಾಳಿ ಬೀಸಿತು. ನೀಲಿ ಮೇಲೆದ್ದು, ಉಬ್ಬಿ, ಮಗುಚಿ ಬಿತ್ತು. ಪ್ಲಾಸ್ಟಿಕ್ ತಾಡಪತ್ರಿಯ ತುಂಡು. ಗಾಡಿ ಚಿಕ್ಕದಾಗಿ ಹಾರ್ನ್ ಹೊಡೆದು, ಅದರ ಮೇಲೆಯೇ ಮುಂದೆ ಸರಿಯಿತು.

ಪಕ್ಕದಲ್ಲಿ ಮಾವನ ಉಸಿರು ಕೇಳುತ್ತಿತ್ತು. ಅವರೂ ಅದನ್ನೇ ನೋಡಿದ್ದರು.

"ನಿಮ್ಮನ್ನ ಮನೇಲಿ ಹುಡುಕ್ತಿರ್ಲಿಲ್ವಾ?" ಎಂದು ಕೇಳಿದಳು ಶರ್ಮಿಳಾ. ಸಿಟ್ಟಿನಲ್ಲೇ ಕೇಳಿದ್ದಳು.

"ಯಾರು ಹುಡುಕ್ಲಿಕ್ಕೆ?" ಮುಂಡಪ್ಪ ಜಾಲರಿ ಬಿಡಲಿಲ್ಲ. "ಅಮ್ಮ ಊರಲ್ಲಿ. ಅಪ್ಪ ಒಲೆಯ ಮುಂದೆ. ನಾನು ಬಂದ್ರೆ ಬಂದೆ. ಬಾರದಿದ್ರೆ ಮರುದಿನ ತಿಂಡಿಯ ಹೊತ್ತಿಗೆ ಗೊತ್ತಾಗ್ತಿತ್ತು."

ಇದನ್ನು ಅವರು ಕಥೆಯಲ್ಲಿ ಎಂದೂ ಹೇಳಿರಲಿಲ್ಲ.

ಪಶ್ಚಿಮದ ಮೆಟ್ಟಿಲು ಇಳಿದರೆ ಸೀಬೆಹಣ್ಣಿನ ಗಾಡಿಗಳು. ಎರಡನೆಯ ಗಾಡಿಯ ಪಕ್ಕದಲ್ಲಿ ಅನುಷ್ಕಾ ನಿಂತಿದ್ದಳು. ಶಾಲೆಯ ಪ್ರಾರ್ಥನೆಯಲ್ಲಿ ನಿಲ್ಲುವ ಹಾಗೆ, ಎರಡು ಕಾಲು ಜೋಡಿಸಿ, ಅಲುಗಾಡದೆ. ಬಲಗೆನ್ನೆಯಿಂದ ಕಿವಿಯವರೆಗೆ ತುಕ್ಕಿನ ಕಂದು ಪಟ್ಟೆ, ಅದರ ಮೇಲೆ ಎಣ್ಣೆಯ ಕಪ್ಪು.

"ಮಮ್ಮಿ, ಇತನಾ ಲೇಟ್?"

ಶರ್ಮಿಳಾಳ ಕೈ ಎದ್ದಿತು. ಹೊಡೆಯಲು ಎದ್ದ ಕೈ ಮಗಳ ಕೆನ್ನೆ ತಲುಪುವಷ್ಟರಲ್ಲಿ ಏನು ಮಾಡಬೇಕೆಂದು ಮರೆತಿತ್ತು. ಅವಳು ದುಪಟ್ಟಾದ ತುದಿಯಿಂದ ಆ ಪಟ್ಟೆಯನ್ನು ಉಜ್ಜತೊಡಗಿದಳು. ತುಕ್ಕು ಹೋಗಲಿಲ್ಲ, ಹರಡಿತು. ಕಿವಿ ಕೆಂಪಾಗುವವರೆಗೆ ಉಜ್ಜಿದಳು.

"ದುಖತಾ ಹೈ ಮಮ್ಮಿ." ಅನುಷ್ಕಾ ತಲೆ ಹಿಂದೆಳೆದು ಅಜ್ಜನ ಕಡೆ ನೋಡಿದಳು. ಅವಳ ಕಣ್ಣು ಹೊಳೆಯುತ್ತಿತ್ತು. "ಅಜ್ಜಾ, ಸಚ್ಚೀ ಮೇಂ ಆವಾಜ್ ಆತೀ ಹೈ. ಮೈಂನೇ ದೋ ಗಾಡೀ ಜಾನೇ ದೀ. ಫಿರ್ ಭಾಗೀ."

ಹಳಿಯ ಸದ್ದು ಕೇಳಿ, ಎರಡು ಗಾಡಿ ಬಿಟ್ಟು ಓಡಿ ದಾಟಿದ್ದನ್ನು ಹೇಳಿ ಅವಳು ಕಾಯುತ್ತಿದ್ದಳು. ಇಂಥ ಮಾತಿಗೆ ಅಜ್ಜ ಬೆನ್ನು ತಟ್ಟಿ, "ಇದು ನನ್ನ ಪುಳ್ಳಿ" ಎನ್ನಬೇಕಿತ್ತು. ಮುಂಡಪ್ಪ ಅಂಗಿಯ ತಪ್ಪು ಗುಂಡಿಯೊಂದನ್ನು ಬಿಚ್ಚಿ, ಮತ್ತೆ ಅದೇ ತಪ್ಪು ಮನೆಗೆ ಸೇರಿಸಿದರು.

"ಆಚೆ ಅಂದ್ರೆ ಹೊರಗೆ ಅಂತ," ಎಂದಳು ಶರ್ಮಿಳಾ. "ನಾನು ಹೇಳಿದ್ದು ಹೊರಗೆ."

"ತೋ ಹೊರಗೆ ಬೋಲನಾ ಥಾ ನಾ."

ಯಾರೂ ನಗಲಿಲ್ಲ. ಮೂವರೂ ಮತ್ತೆ ಸೇತುವೆಯ ಕಡೆ ತಿರುಗಿದರು. ಶರ್ಮಿಳಾ ಕೈ ಚಾಚಿದಳು. ಅನುಷ್ಕಾ ಹಿಡಿಯಲಿಲ್ಲ, ಮುಂದೆ ಮುಂದೆ ಹತ್ತಿದಳು. ನಡುಸೇತುವೆಯಲ್ಲಿ ಒಮ್ಮೆ ನಿಂತು ತಿರುಗಿದಳು.

"ಕಲ್ ಭೀ ಅಕೇಲೀ ಆವೂಂ?"

ಕೆಳಗೆ ಒಂದು ಲೋಕಲ್ ಹೊರಟು ಜಾಲರಿ ನಡುಗಿತು. ನಾಳೆಯೂ ಒಬ್ಬಳೇ ಬರಲೇ ಎಂದು ಕೇಳಿ, ಅದು ದಾಟುವವರೆಗೆ ಅನುಷ್ಕಾ ಉತ್ತರಕ್ಕೆ ನಿಂತಳು. ಗಾಡಿ ದಾಟಿಹೋಯಿತು. ಅವಳು ಭುಜ ಕುಣಿಸಿ ಪೂರ್ವದ ಮೆಟ್ಟಿಲು ಇಳಿಯತೊಡಗಿದಳು.

ಶರ್ಮಿಳಾ ಎರಡು ಮೆಟ್ಟಿಲು ಹಿಂದಿದ್ದಳು. ಮಗಳ ಬೆನ್ನಿನ ಚೀಲದಿಂದ ಒಂದು ಪಟ್ಟಿ ಸಡಿಲವಾಗಿ ಜೋತಾಡುತ್ತಿತ್ತು. ಮುಂಡಪ್ಪ ಅದರ ತುದಿಯನ್ನು ಎರಡು ಬೆರಳುಗಳಲ್ಲಿ ಹಿಡಿದಿದ್ದರು. ಅನುಷ್ಕಾ ಜನರ ನಡುವೆ ತೂರಿ ಬೇಗ ಇಳಿದಾಗ ಪಟ್ಟಿ ಬಿಗಿಯಾಗಲು ಹೊರಡುತ್ತಿತ್ತು. ಅದು ಬಿಗಿಯಾಗದಂತೆ, ಅವಳಿಗೆ ತಿಳಿಯದಂತೆ, ಮುದುಕ ಕಂಬಿ ಬಿಟ್ಟು ಬಾಗಿ, ಆ ಕಾಲುಗಳಲ್ಲಿ ಮೆಟ್ಟಿಲಿಗೊಂದರಂತೆ ಹೆಜ್ಜೆ ಹಾಕಿ ಇಳಿಯುತ್ತಿದ್ದರು.