ಸಂಘದ ಕಂಪ್ಯೂಟರಿನಲ್ಲಿ ಹೋಗದೆ ಕೂತ ಕಾಗದ

ನಮ್ಮ ದೊಡ್ಡಬಳ್ಳಾಪುರದ ನೇಕಾರರ ಬೀದಿಗೆ ಒಂದು ಹಳೇ ಕಷ್ಟವಿತ್ತು. ದೂರದ ಊರಿನವರು ಸೀರೆ ಬೇಕೆಂದು ಕಾಗದ ಹಾಕುತ್ತಿದ್ದರು. ನಾವು ಯಾವ ಬಣ್ಣ, ಎಂಥ ಅಂಚು ಎಂದು ಕೇಳಿ ಉತ್ತರ ಬರೆದು, ಅವರ ಮಾತು ತಿರುಗಿ ಬರುವಷ್ಟರಲ್ಲಿ ಮದುವೆಯೇ ಮುಗಿದು ಹುಡುಗಿ ಗಂಡನ ಮನೆ ಸೇರಿರುತ್ತಿದ್ದಳು. ಪರದೇಶಕ್ಕೆ ಟೆಲಿಫೋನ್ ಮಾಡೋಣವೆಂದರೆ, ಮೀಟರ್ ಓಡುವುದನ್ನು ನೋಡಿಯೇ ಹೇಳಬೇಕಾದ ಮಾತು ಮರೆತುಹೋಗುತ್ತಿತ್ತು.

ತೊಂಬತ್ತೊಂಬತ್ತನೇ ಇಸವಿಯಲ್ಲಿ ನಮ್ಮ ನೇಕಾರರ ಸಂಘದವರು ಒಂದು ಕಂಪ್ಯೂಟರ್ ತಂದು ಟೆಲಿಫೋನ್ ತಂತಿಗೆ ಸೇರಿಸಿದರು. ಕುಂಕುಮ ಇಟ್ಟು, ಮೇಲೆ ಜರಿ ಅಂಚಿನ ಬಟ್ಟೆ ಹೊದಿಸಿದರು. ಆಮೇಲೆ ಆ ಬಟ್ಟೆ ಸರಿಸುವವರೇ ಇಲ್ಲ. ಸಂಘದ ಬಾಗಿಲು ತೆಗೆಯುವ ಕೆಲಸ ನನ್ನದಾದ್ದರಿಂದ ಧೂಳು ಹೊಡೆಯುವುದೂ ನನ್ನ ಪಾಲಿಗೆ ಬಂದಿತ್ತು.

ಬಟ್ಟೆ ಸರಿಸಿದವಳು ಎದುರು ಮನೆಯ ಆದಿಲಕ್ಷ್ಮಮ್ಮ. ಅವರ ಮಗ್ಗಕ್ಕೆ ಕೆಲಸವಿರಲಿಲ್ಲ. ಅವಳ ಗಂಡ ಆದಿನಾರಾಯಣಪ್ಪ, ಮಗ್ಗ ಮಾರಿ ಬಾಶೆಟ್ಟಿಹಳ್ಳಿ ಫ್ಯಾಕ್ಟರಿಗೆ ಸೇರುತ್ತೇನೆಂದು ಹಟ ಹಿಡಿದಿದ್ದ. ಅಷ್ಟರಲ್ಲಿ, ಸಿಂಗಾಪುರಕ್ಕೆ ಮದುವೆಯಾಗಿ ಹೋದ ನಮ್ಮೂರಿನ ಆಶಾರಾಣಿ ಒಂದು ಮಾತು ಹೇಳಿಕಳಿಸಿದಳು: ಮಗಳ ಮದುವೆಗೆ ಮನೆಮಂದಿಗೆಲ್ಲ ಸೀರೆ ಬೇಕು, ಈಮೇಲ್ ವಿಳಾಸ ಇದ್ದರೆ ಕೊಡಿ.

"ಈ ಕೆಲಸ ಸಿಕ್ತು ಅಂದ್ರೆ ಮಗ್ಗ ಇಟ್ಕೊಳಣ. ಸಿಗ್ಲಿಲ್ವಾ, ನಾನು ಬಾಯಿ ಬಿಡಲ್ಲ, ಮಾರ್ಬಿಡು," ಎಂದಳು ಆದಿಲಕ್ಷ್ಮಮ್ಮ.

"ಆಯ್ತು. ಈ ಡಬ್ಬ ಸೀರೆ ಮಾರೋದು ನಾನೂ ನೋಡ್ತೀನಿ," ಎಂದ ಆದಿನಾರಾಯಣಪ್ಪ.

ಹಿಂದಿನ ಬೀದಿಯ ತಂಜೀಲಾ ಬಾಶೆಟ್ಟಿಹಳ್ಳಿಯ ಒಂದು ಫ್ಯಾಕ್ಟರಿಯ ಆಫೀಸಿನಲ್ಲಿ ಕೆಲಸಕ್ಕಿದ್ದಳು. ಅಲ್ಲಿ ದಿನವೂ ಈಮೇಲ್ ನೋಡುವವಳು. ಆದಿಲಕ್ಷ್ಮಮ್ಮ ಕರೆದದ್ದಕ್ಕೆ ಒಂದು ಮಧ್ಯಾಹ್ನ ಬಂದು ಕಂಪ್ಯೂಟರಿನ ಮುಂದೆ ಕೂತಳು. ಗಂಡಹೆಂಡತಿ ಪಕ್ಕದಲ್ಲಿ ನಿಂತರು.

"ನೋಡಣ್ಣಾ, ಇದು ಅಂಚೆ ಕಚೇರೀಲಿ ಒಂದು ಪೆಟ್ಟಿಗೆ ಹಿಡಿದಂಗೆ. ನಮ್ಗೆ ಬಂದಿದ್ದು ಅಲ್ಲಿ ಕೂತಿರುತ್ತೆ. ಈ ಪ್ರೋಗ್ರಾಂ ಹೋಗಿ ತರ್ಬೇಕು ಅಂದ್ರೆ ಯಾವ ಕಚೇರಿ, ಯಾರ ಪೆಟ್ಟಿಗೆ, ಬೀಗದ ಕೈ ಯಾವ್ದು, ಎಲ್ಲಾ ಒಂದ್ಸಲ ಹೇಳ್ಕೊಡ್ಬೇಕು."

ಸಂಘದ ಹೆಸರು ಹಾಕಿದಳು. ಈಮೇಲ್ ವಿಳಾಸ ಹಾಕಿದಳು. ಪಾಸ್‌ವರ್ಡ್ ಎನ್ನುವ ಗುಟ್ಟಿನ ಮಾತು ಬಂದಾಗ ಆದಿನಾರಾಯಣಪ್ಪ ಬಳಪ ಹಿಡಿದು ಎದ್ದ.

"ಗೋಡೆ ಮೇಲೆ ಬರೆದಿಡ್ತೀನಿ ತಡಿ. ಮರ್ತೋದ್ರೆ?"

"ಮನೆಗೆ ಬೀಗ ಹಾಕಿ, ಬೀಗದ ಕೈನ ಅದಕ್ಕೇ ಕಟ್ಟಿ ಹೋಗ್ತೀಯೇನಣ್ಣಾ?"

"ಹೋದ್ರೂ ಹೋಗ್ತಾರೆ ಕಣಮ್ಮಾ, ಇವ್ರಿಗೇನು," ಎಂದು ಆದಿಲಕ್ಷ್ಮಮ್ಮ ನಕ್ಕಳು. ಅವನು ಬಳಪವನ್ನು ತಿರುಗಿ ಕಿಟಕಿಯಲ್ಲಿಟ್ಟ.

ಬರುವ ಈಮೇಲಿನ ಕಚೇರಿ ಯಾವುದೆಂದು ತಂಜೀಲಾ ತುಂಬಿದಳು. ಅಷ್ಟರಲ್ಲಿ ಫ್ಯಾಕ್ಟರಿ ಬಸ್ಸು ಹಾರ್ನ್ ಹೊಡೆಯಿತು.

"ಅಯ್ಯೋ, ಬಸ್ ಬಂತು! ಅಣ್ಣಾ, ಹೋಗೋ ಈಮೇಲಿನ ಕಚೇರಿ ಒಂದು ಬಾಕಿ ಇದೆ. ಇಂಟರ್ನೆಟ್ ಕಂಪೆನಿಯವ್ರು ಕೊಟ್ಟ ಚೀಟೀಲಿದೆ. ನೋಡ್ಕೊಂಡು ಹಂಗಂಗೇ ತುಂಬು," ಎಂದು ಓಡಿದಳು.

ಆದಿನಾರಾಯಣಪ್ಪ ಚೀಟಿ ಓದಿದ. ಬರುವುದಕ್ಕೆ ಒಂದು ಕಚೇರಿ, ಹೋಗುವುದಕ್ಕೆ ಇನ್ನೊಂದು. ಅವನಿಗೆ ನಗು ಬಂತು.

"ಮಗ್ಗದಲ್ಲಿ ನೂಲು ಹೊತ್ಕೊಂಡು ಆ ಕಡೆ ಹೋಗೋ ಲಾಳೀನೇ ಈ ಕಡೆ ಬರೋದು. ಹೋಗೋಕೊಂದು ಬರೋಕೊಂದು ಲಾಳಿ ಇಟ್ಕೊಂಡೋನು ನೇಕಾರನೇನು? ಸುಮ್ನೆ ಎರಡು ಬರ್ದವ್ರೆ."

ಬರುವ ಕಡೆ ತಂಜೀಲಾ ತುಂಬಿದ್ದ ಹೆಸರನ್ನೇ ಹೋಗುವ ಕಡೆಗೂ ಒತ್ತಿದ. ಮಗ್ಗದ ಮುಂದೆ ಬೆಳೆದವನಿಗೆ ಹಾಗೆ ತೋರಿದ್ದು ಸಹಜ. ನನಗೂ ಅದು ಸರಿಯೆಂದೇ ಕಂಡಿತು.

ಆಶಾರಾಣಿಗೆ ವಿಳಾಸ ಹೇಳಿಕಳಿಸಿದ ಮೇಲೆ, ಮಂಗಳವಾರ ಅವಳ ಈಮೇಲ್ ಬಂತು. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ. ಮದುಮಗಳಿಗೆ ಎಲೆಹಸಿರು ಒಡಲು, ಕುಂಕುಮ ಬಣ್ಣದ ಅಂಚು ಆಗುತ್ತದೆಯೇ, ಆಷಾಢಕ್ಕೆ ಮುಂಚೆ ಕೊಡುತ್ತೀರಾ ಎಂದು ಕೇಳಿದ್ದಳು. ಆಗುತ್ತದೆ, ಕೊಡುತ್ತೇವೆ ಎಂದು ಆದಿಲಕ್ಷ್ಮಮ್ಮ ಹೇಳಿದಳು, ಗಂಡ ಒಂದೊಂದೇ ಅಕ್ಷರ ಹುಡುಕಿ ಒತ್ತಿದ. ಕಳಿಸು ಎನ್ನುವುದನ್ನು ಒತ್ತಿದಾಗ ಏನೋ ಇಂಗ್ಲಿಷಿನಲ್ಲಿ ಬರೆದುಕೊಂಡು ಬಂತು. "ಓಕೆ ಅಂತೈತೆ, ಓಕೆ," ಎಂದು ಅದನ್ನೂ ಒತ್ತಿ, ತಂತಿ ಕಳಚಿ ಎದ್ದ.

ಗುರುವಾರ ಸಂಜೆ ಮತ್ತೊಂದು ಬಂತು. "ನಿಮ್ಮಿಂದ ಉತ್ತರವೇ ಇಲ್ಲ. ನಾಳೆಯವರೆಗೆ ಕಾಯುತ್ತೇನೆ, ಆಮೇಲೆ ಬೇರೆ ಕಡೆ ಹೇಳುತ್ತೇನೆ."

ಆದಿಲಕ್ಷ್ಮಮ್ಮ ಅದನ್ನು ಗಂಡನಿಂದ ಎರಡು ಸಲ ಓದಿಸಿದಳು.

"ನಾನು ಮೊದ್ಲೇ ಬಡ್ಕೊಂಡೆ," ಎಂದ ಗಂಡ. "ಮಗ್ಗ ಕೊಳ್ತೀನಿ ಅಂದಿದ್ದ ಚಿನ್ನಸ್ವಾಮಿ ಶನಿವಾರ ನೋಡಕ್ಕೆ ಬತ್ತಾವ್ನೆ. ಕೊಟ್ಬಿಡಣ."

"ಶನಿವಾರ ತಾನೆ? ಇನ್ನೂ ಶುಕ್ರವಾರ ಐತೆ," ಎಂದು ಅವಳು ಸೆರಗು ಸಿಕ್ಕಿಸಿಕೊಂಡು ನೇರ ತಂಜೀಲಾಳ ಮನೆಗೆ ನಡೆದಳು.

ಶುಕ್ರವಾರ ಬೆಳಿಗ್ಗೆ ನಾನು ಬಾಗಿಲು ತೆಗೆಯುವ ಮೊದಲೇ ಆದಿಲಕ್ಷ್ಮಮ್ಮ, ತಂಜೀಲಾ ಇಬ್ಬರೂ ಜಗಲಿಯ ಮೇಲಿದ್ದರು, ಹಿಂದೆ ಆದಿನಾರಾಯಣಪ್ಪ. ತಂಜೀಲಾ ಕಂಪ್ಯೂಟರ್ ಹಾಕಿ ಒಂದೇ ಕಡೆ ನೋಡಿದಳು.

"ಅರೆ ಅಕ್ಕಾ, ನೀವು ಬರ್ದಿದ್ದು ಇಲ್ಲೇ ಕೂತಿದೆ! ಔಟ್‌ಬಾಕ್ಸ್ ಅಂದ್ರೆ ಹೊರಡೋಕೆ ಕಾಯೋ ಜಗಲಿ. ಹೋದ್ಮೇಲೆ ಅದು ಸೆಂಟ್ ಅನ್ನೋ ಮನೇಲಿ ಕಾಣ್ಬೇಕು." ಆಮೇಲೆ ಖಾನೆಗಳನ್ನು ತೆಗೆದು ನೋಡಿದಳು. "ಅಣ್ಣಾ, ಎರಡೂ ಕಡೆ ಒಂದೇ ಹೆಸರು ಹಾಕಿದ್ಯಲ್ಲಾ!"

"ಲಾಳಿ ಒಂದೇ ಅಲ್ವೇನಮ್ಮಾ..."

"ಲಾಳಿ ಅಲ್ಲಣ್ಣಾ, ಕೆರೆ ಅಂದ್ಕೊ. ನೀರು ಬರೋ ಕಾಲುವೇಲೇ ನೀರು ಹೊರಕ್ಕೆ ಬಿಡಕ್ಕಾಗುತ್ತಾ? ತೂಬು ಬೇರೆ ಬೇಕು. ಇದೂ ಹಂಗೇ. ಅವತ್ತು ಇಂಗ್ಲಿಷಲ್ಲಿ ಏನೋ ಬಂತು ಅಂತ ಅಕ್ಕ ಹೇಳಿದ್ರಲ್ಲ, ಇದನ್ನೇ ಹೇಳಿದ್ದು ಅದು. ಓದದೇ ಓಕೆ ಒತ್ಬಾರ್ದು."

ಆದಿನಾರಾಯಣಪ್ಪ ಚೀಟಿ ತಾನೇ ಹಿಡಿದು, ಹೋಗುವ ಕಚೇರಿಯ ಹೆಸರನ್ನು ಅಕ್ಷರ ಅಕ್ಷರ ಓದಿ ಹೇಳಿದ. ತಂಜೀಲಾ ಒತ್ತಿದಳು. ಮೊದಲು ಸಂಘದ ವಿಳಾಸಕ್ಕೇ ಒಂದು ಸಾಲು ಕಳಿಸಿದಳು. ಟೆಲಿಫೋನ್ ತಂತಿ ಗೊರಗೊರ ಎಂದಿತು. ಸ್ವಲ್ಪ ಹೊತ್ತಿಗೆ ಅದೇ ಸಾಲು ತಿರುಗಿ ನಮ್ಮ ಪೆಟ್ಟಿಗೆಗೇ ಬಂತು. ಔಟ್‌ಬಾಕ್ಸ್ ನೋಡಿದರೆ ಖಾಲಿ. ಆಶಾರಾಣಿಗೆ ಬರೆದ ಉತ್ತರವೂ ಹೊರಟುಹೋಗಿತ್ತು.

"ಹೋಯ್ತಾ?" ಎಂದಳು ಆದಿಲಕ್ಷ್ಮಮ್ಮ.

"ಹೋಯ್ತು ಕಣೇ. ಸೆಂಟಲ್ಲಿ ಕಾಣ್ತೈತೆ," ಎಂದ ಗಂಡ.

ಅವತ್ತು ಸಂಜೆಯವರೆಗೆ ಗಂಡಹೆಂಡತಿ ಸಂಘದ ಬೆಂಚು ಬಿಟ್ಟು ಏಳಲಿಲ್ಲ. ದೀಪ ಹಚ್ಚುವ ಹೊತ್ತಿಗೆ ತಂತಿ ಸೇರಿಸಿ ನೋಡಿದರೆ ಉತ್ತರ ಬಂದಿತ್ತು. "ತುಂಬಾ ಸಂತೋಷ. ನೀವೇ ನೇಯ್ದು ಕೊಡಿ, ಬಣ್ಣ ಹಾಕಿಸಲು ಶುರು ಮಾಡಿ."

ಶನಿವಾರ ಚಿನ್ನಸ್ವಾಮಿ ಬಂದಾಗ ಬಾಗಿಲಲ್ಲಿ ನಿಂತು ಮಾತಾಡಿಸಿದವನು ಆದಿನಾರಾಯಣಪ್ಪನೇ.

"ಮಗ್ಗ ಕೊಡಕ್ಕಿಲ್ಲ ಕಣಪ್ಪಾ, ಸಿಂಗಾಪುರದ ಕೆಲಸ ಕೂತೈತೆ. ನಿಂಗೂ ಈಮೇಲ್ ಮಾಡ್ಕೊಡ್ಲಾ? ಬಾ, ಕಾಫಿ ಕುಡ್ಕೊಂಡು ಹೇಳ್ಕೊಡ್ತೀನಿ."

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಸಂಘದಲ್ಲೂ ಬಟ್ಟೆ ಹೊದ್ದುಕೊಂಡ ಕಂಪ್ಯೂಟರ್ ಇರಬಹುದು. ಇವತ್ತೇ ಬಟ್ಟೆ ತೆಗೆಯಿರಿ, ತಿಳಿದವರೊಬ್ಬರನ್ನು ಕರೆದು ಕೂರಿಸಿ. ಬರುವುದಕ್ಕೆ ಕೊಟ್ಟ ಹೆಸರು ಬೇರೆ, ಹೋಗುವುದಕ್ಕೆ ಕೊಟ್ಟ ಹೆಸರು ಬೇರೆ. ಚೀಟಿಯಲ್ಲಿ ಹೇಗಿದೆಯೋ ಹಾಗೇ ತುಂಬಿ. ಪಾಸ್‌ವರ್ಡ್ ಮನಸ್ಸಿನಲ್ಲಿರಲಿ. ಮೊದಲ ಈಮೇಲನ್ನು ನಿಮಗೆ ನೀವೇ ಹಾಕಿಕೊಳ್ಳಿ, ಅದು ತಿರುಗಿ ಬಂದರೆ ದಾರಿ ಸರಿಯಿದೆ ಎಂದು ತಿಳಿಯಿರಿ. ಬರೆದ ಮೇಲೆ ಹೋಯಿತೋ ಇಲ್ಲವೋ ನೋಡದೆ ಮಾತ್ರ ಏಳಬೇಡಿ. ಆ ಕಡೆ ಯಾರೋ ನಿಮ್ಮ ಮಾತಿಗೆ ಕಾಯುತ್ತಿರುತ್ತಾರೆ.