ಅಂಬವ್ವನ ವ್ರತ

"ಮನ್ಯಾಗ ಹಗಲೆಲ್ಲಾ ಕೂಸಿನ ಕೂಡ ಯಾರಿರ್ತಾರ್ರಿ?" ಎಂದು ಗೋದಾವರಿ ಕೇಳಿದಾಗ ಸ್ನೇಹಲತಾ ಅತ್ತೆಯ ಮುಖ ನೋಡಿದಳು. ಅತ್ತೆ ಅಂಬವ್ವ ಗೋಡೆಯ ಮೇಲಿನ ಪಟ ನೋಡುತ್ತಿದ್ದಳು. ಪಟದಲ್ಲಿ ಬಾಯಿ, ನಾಲಿಗೆ, ಗಂಟಲಿನ ಚಿತ್ರವಿತ್ತು.

ಸಿಕಂದರಾಬಾದಿನ ಆ ಸಣ್ಣ ಕೋಣೆಯಲ್ಲಿ ಮಕ್ಕಳಿಗೆ ಮಾತು ಕಲಿಸುವ ಗೋದಾವರಿ ಬೀದರ ಕಡೆಯ ಹುಡುಗಿ. ಸ್ನೇಹಲತಾಳ ಮೂರೂವರೆ ವರ್ಷದ ಮಗಳು ಶಾಂಭವಿಯ ಜೊತೆ ಚಾಪೆಯ ಮೇಲೆ ಕೂತು ಒಂದು ತಾಸು ಚೆಂಡು ಉರುಳಿಸಿದ್ದಳು. ಅದಕ್ಕೂ ಮೊದಲು ಅಂಬವ್ವ ಮೊಣಕಾಲು ಹಿಡಿದುಕೊಂಡದ್ದನ್ನು ಕಂಡು, ಯಾರೂ ಹೇಳದೆಯೇ ತನ್ನ ಕುರ್ಚಿ ಎಳೆದು ತಂದು ಕೊಟ್ಟಿದ್ದಳು.

"ಆಯಿನೇ ಇರ್ತಾರ್ರಿ," ಎಂದಳು ಸ್ನೇಹಲತಾ, ಅತ್ತೆಯನ್ನು ತೋರಿಸಿ. "ಆದ್ರ ಅವ್ರು ಮಾತಾಡಂಗಿಲ್ಲ."

ಯಾಕೆ ಎಂದು ಕೇಳಿದ್ದಕ್ಕೆ ಅವಳು ತಲೆ ತಗ್ಗಿಸಿ ಎಲ್ಲ ಹೇಳಿದಳು. ಹೈದರಾಬಾದಿನ ಗಚ್ಚಿಬೌಲಿಯಲ್ಲಿ ವಾರಕ್ಕೊಂದು ಗಾಜಿನ ಕಟ್ಟಡ ಏಳುತ್ತಿದ್ದ ಕಾಲ ಅದು. ಅಂಥದೇ ಒಂದು ಕಟ್ಟಡದಲ್ಲಿ ಅವಳ ಕೆಲಸ. ಹೋದ ಆಷಾಢದಲ್ಲಿ, ಜೊತೆಗೆ ಕೆಲಸ ಮಾಡುವವರ ಮಾತು ಕೇಳಿ, ಅಲ್ಲಿನ ದೊಡ್ಡ ಕ್ಲಿನಿಕ್ಕೊಂದಕ್ಕೆ ಮಗಳನ್ನು ಒಯ್ದಿದ್ದಳು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಟೀವಿಯಲ್ಲಿ ಹಿಂದಿ, ಮಗುವಿನ ತಲೆ ಕಲಸಿಹೋಗಿದೆ, ಇನ್ನು ಇಂಗ್ಲಿಷ್ ಒಂದೇ ಇರಲಿ ಎಂದು ಅಲ್ಲಿ ಹೇಳಿದ್ದರು. ಅಜ್ಜಿಗೆ ಇಂಗ್ಲಿಷ್ ಬಾರದಿದ್ದರೆ ಮಗುವಿನ ಮುಂದೆ ಮಾತಾಡದಿರುವುದೇ ಒಳ್ಳೆಯದು ಎಂದೂ ಹೇಳಿದ್ದರು.

ಗೋದಾವರಿ ಚೆಂಡನ್ನು ಪಕ್ಕಕ್ಕಿಟ್ಟಳು. "ಕೂಸಿನ ಕಿವಿ ಛಲೋ ಅದಾವ. ಎರಡು ಭಾಷಾ ಕಿವಿಗೆ ಬಿದ್ರ ಮಕ್ಕಳ ಮಾತು ಕೆಡಂಗಿಲ್ರಿ. ಹಗಲೆಲ್ಲಾ ಜೊತಿಗಿದ್ದವರು ಬಾಯಿ ಮುಚ್ಚಿಕೊಂಡು ಕುಂತ್ರ ಅದು ಯಾರನ್ನ ನೋಡಿ ಕಲೀಬೇಕು?" ಆಮೇಲೆ ಅಂಬವ್ವನ ಕಡೆ ತಿರುಗಿದಳು. "ಅವ್ವಾರ, ಇವತ್ತಿಂದನ ಸುರು ಮಾಡ್ರಿ. ತಲಿ ಬಾಚಾಗ, ರೊಟ್ಟಿ ಬಡಿಯಾಗ, ಏನು ಮಾಡ್ತೀರಿ ಅದನ್ನೇ ಹೇಳಿಕೋತ ಇರ್ರಿ. ನಿಮ್ಮ ಭಾಷಾದಾಗನ."

ಅಂಬವ್ವನ ಎದೆಯೊಳಗೆ ಹಬ್ಬದ ಒಲೆ ಹೊತ್ತಿದಂತಾಯಿತು. ಆರು ತಿಂಗಳಿಂದ ಕಾದಿದ್ದು ಈ ಮಾತಿಗೆ. ಸೊಸೆಯ ಮುಖವನ್ನು ಕಣ್ತುಂಬ ನೋಡಿದಳು. ಅದು ಹಿಂಡಿದ ಬಟ್ಟೆಯ ಹಾಗಿತ್ತು. ಆಮೇಲೆ ಅಂಬವ್ವ ನಿಧಾನವಾಗಿ ಎರಡೂ ಕೈ ಜೋಡಿಸಿ ಹಣೆಗೆ ಒತ್ತಿಕೊಂಡು, ಗೋಡೆಯ ಕ್ಯಾಲೆಂಡರಿನಲ್ಲಿ ಶಿವರಾತ್ರಿಯ ಮೇಲೆ ಬೆರಳಿಟ್ಟಳು. ಅವಳ ಮೌನವ್ರತ ಮುಗಿಯಲು ಇನ್ನೂ ಹನ್ನೆರಡು ದಿನ.

ಆ ವ್ರತ ಹುಟ್ಟಿದ್ದು ಹೀಗೆ. ಕ್ಲಿನಿಕ್ಕಿನಿಂದ ಬಂದ ದಿನ ಸ್ನೇಹಲತಾ ಶುಂಠಿ ಹಾಕಿ ಚಹಾ ಮಾಡಿ ತಂದುಕೊಟ್ಟು, ಕಾಲ ಬಳಿ ಕೂತು, ಸಿಟ್ಟಾಗಬೇಡಿರೆಂದು ಕೇಳಿಕೊಂಡೇ ವಿಷಯ ಹೇಳಿದ್ದಳು. ಮಗ ವೈಜನಾಥ ರೈಲ್ವೆ ನೌಕರ. ಅವನು ಡ್ಯೂಟಿಯ ಅಂಗಿ ಮಡಚುತ್ತ ತಲೆ ಎತ್ತಲಿಲ್ಲ. ಹುಮನಾಬಾದಿನ ಓಣಿಯಲ್ಲಿ ಅಂಬವ್ವನ ಮಾತು ಕೇಳಲಿಕ್ಕೆಂದೇ ಹೆಂಗಸರು ಕಾಳು ಆರಿಸುವ ಮೊರ ತಗೊಂಡು ಅವಳ ಕಟ್ಟೆಗೆ ಬರುತ್ತಿದ್ದರು. ಇಲ್ಲಿ ಮಲ್ಕಾಜ್‌ಗಿರಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ, ಮರೆತು "ಬಾ ನನ್ನ ಬಂಗಾರ" ಎಂದರೆ ಸಾಕು, ಸೊಸೆ ಒಳಗಿನಿಂದ ಬಂದು ತುಟಿಗೆ ಬೆರಳಿಟ್ಟು "ಶ್" ಎನ್ನುತ್ತಿದ್ದಳು. ಒಂದು ದಿನ ಪಕ್ಕದ ಮನೆಯ ಗುಂಡಮ್ಮನ ಎದುರಿಗೇ ಹಾಗೆ ಮಾಡಿದಳು. ಗುಂಡಮ್ಮ ನೋಡದವಳ ಹಾಗೆ ಸೆರಗು ಸರಿಮಾಡಿಕೊಂಡಳು. ಅಂಬವ್ವನನ್ನು ಸುಟ್ಟದ್ದು ಆ ಕನಿಕರವೇ.

ತವರಿನಲ್ಲಿ ಮುದುಕಿಯರು ಶ್ರಾವಣ ಸೋಮವಾರ ಮೌನ ಹಿಡಿಯುತ್ತಿದ್ದರು. ಅಂಬವ್ವ ಮೊದಲ ಸೋಮವಾರ ಹಿಡಿದಳು, ಮಂಗಳವಾರ ಬಿಡಲಿಲ್ಲ. ಶಿವರಾತ್ರಿಯ ತನಕ ಎಂದು ಸನ್ನೆಯಲ್ಲೇ ತಿಳಿಸಿದಳು. ವ್ರತವನ್ನು ಯಾರು ಬೈಯಬಲ್ಲರು? ನೆರೆಯ ಹೆಂಗಸರು ಬಂದು ಕಾಲಿಗೆ ಬಿದ್ದರು. ನನ್ನ ಮಾತು ಕೂಸಿಗೆ ಬೇಡವಾದರೆ ಯಾರಿಗೂ ಬೇಡ, ಎಂದುಕೊಂಡಳು ಅಂಬವ್ವ. ಸಂಜೆ ಕ್ಯಾಬಿನಿಂದ ಇಳಿದು ಬಂದ ಸೊಸೆ ಕೂಸು ಉಂಡಿತೇ, ಮಲಗಿತೇ ಎಂದು ಕೇಳಿದರೆ ಅತ್ತೆ ಜಪಮಣಿ ಉರುಳಿಸುತ್ತ ಕೂತಿರುತ್ತಿದ್ದಳು. ಹಗಲು ಆ ಮನೆಯಲ್ಲಿ ಟೀವಿಯೊಂದೇ ಮಾತಾಡುತ್ತಿತ್ತು.

ಶಾಂಭವಿಗೆ ಆಗ ನಾಲ್ಕು ಮಾತು ಬರುತ್ತಿದ್ದವು: ಆಯಿ, ಬಾ, ಹಾಲು, ಮತ್ತೆ ಕ್ವಾರ್ಟರ್ಸಿನ ಹಿಂದೆ ರೈಲು ಹೋದಾಗಲೆಲ್ಲ ಬಂಡಿ. ದೀಪಾವಳಿಯ ಹೊತ್ತಿಗೆ ಆ ನಾಲ್ಕೂ ಉದುರಿಹೋಗಿದ್ದವು. ಅಂಬವ್ವ ಅದನ್ನು ಕಂಡಿದ್ದಳು. ಅನುಭವಿಸಲಿ, ಅಂದುಕೊಂಡಿದ್ದಳು. ಯಾರು ಎಂದು ಮಾತ್ರ ಬಿಡಿಸಿ ಕೇಳಿಕೊಂಡಿರಲಿಲ್ಲ.

ಗೋದಾವರಿಯ ಬಳಿಯಿಂದ ಆಟೋದಲ್ಲಿ ಮರಳುವಾಗ ಸ್ನೇಹಲತಾ ಹೊರಗೆ ನೋಡುತ್ತಲೇ ಇದ್ದಳು. ಇಳಿಯುವಾಗ ಅತ್ತೆಯ ಕೈ ಹಿಡಿದು ಇಳಿಸಿದವಳು ಆ ಕೈ ಬಿಡಲಿಲ್ಲ.

"ತಪ್ಪಾತ್ರಿ, ಅತ್ತಿ. ನನ್ನ ಮ್ಯಾಲಿನ ಸಿಟ್ಟು ನನ್ನ ಮ್ಯಾಲೇ ಇಟ್ಕೋರಿ. ಕೂಸಿನ ಕೂಡ ಮಾತಾಡ್ರಿ."

ಅಂಬವ್ವ ಕೈ ಬಿಡಿಸಿಕೊಂಡು ಮೊದಲು ಹತ್ತು ಬೆರಳು, ಆಮೇಲೆ ಎರಡು ಬೆರಳು ತೋರಿಸಿದಳು. ತಾನು ಆರು ತಿಂಗಳು ನುಂಗಿದ್ದಾಳೆ, ಇವಳು ಹನ್ನೆರಡು ದಿನ ನುಂಗಲಿ.

ಆ ದಿನಗಳನ್ನು ಅವಳು ಬೆಲ್ಲದ ಚೂರಿನ ಹಾಗೆ ನಾಲಿಗೆಯ ಮೇಲಿಟ್ಟುಕೊಂಡು ಕರಗಿಸಿದಳು. ಮೊಮ್ಮಗಳು ಬಂದು ಸೆರಗು ಎಳೆದರೆ, ಸೊಸೆ ನೋಡುತ್ತಿದ್ದಾಳೆಂದು ಖಾತ್ರಿ ಮಾಡಿಕೊಂಡು, ಸೊಸೆ ಇಡುತ್ತಿದ್ದ ಹಾಗೆಯೇ ತುಟಿಗೆ ಬೆರಳಿಟ್ಟು "ಶ್" ಎನ್ನುತ್ತಿದ್ದಳು. ಸ್ನೇಹಲತಾ ಕಣ್ಣು ತಗ್ಗಿಸುತ್ತಿದ್ದಳು. ಮೂರನೆಯ ದಿನ ಅಂಬವ್ವ ಹೀಗೆ ನಾಲ್ಕು ಸಲ ಮಾಡಿದಳು.

ತೊಂದರೆ ಕೊಡುತ್ತಿದ್ದದ್ದು ಸೊಸೆಯ ಸಣ್ಣಸಣ್ಣ ಉಪಕಾರಗಳು. ಅವಳು ರಜೆ ಹಾಕಿದ್ದಳು, ಬೆಳಿಗ್ಗೆ ಬಂದ ಆಫೀಸಿನ ಕ್ಯಾಬನ್ನು ಖಾಲಿಯೇ ಕಳಿಸಿದ್ದಳು. ಅತ್ತೆ ಏಳುವ ಹೊತ್ತಿಗೆ ಮೊಣಕಾಲಿಗೆ ಬಿಸಿನೀರಿನ ಚೀಲ ಸಿದ್ಧವಿರುತ್ತಿತ್ತು. ಹತ್ತಿರದ ಅಂಗಡಿಯ ಜೋಳದ ಹಿಟ್ಟಿನಲ್ಲಿ ಕಲಬೆರಕೆ ಇರುತ್ತದೆಂದು ಸಿಕಂದರಾಬಾದಿನ ತನಕ ಹೋಗಿ ಬೀಸಿದ ಹಿಟ್ಟು ತಂದಿದ್ದಳು. ಅಂಬವ್ವ ಗೋಡೆಗೆ ಮುಖ ಮಾಡಿ ಮಲಗಿದಳು. ಉಪಕಾರ ಕಣ್ಣಿಗೆ ಬಿದ್ದರೆ ಸೇಡು ಮೆತ್ತಗಾಗುತ್ತದೆಂದು ಅವಳಿಗೆ ಗೊತ್ತಿತ್ತು.

ಐದನೆಯ ದಿನ ಮಧ್ಯಾಹ್ನ ಸ್ನೇಹಲತಾ ಮಗಳನ್ನು ಎದುರಿಗೆ ಕೂಡಿಸಿಕೊಂಡು ರೊಟ್ಟಿಗೆ ಕೂತಳು. ಹೈದರಾಬಾದಿನಲ್ಲೇ ಹುಟ್ಟಿ ಬೆಳೆದವಳು. ಕನ್ನಡ ಆಡುವಾಗ ನಡುನಡುವೆ ತೆಲುಗು ಹಣಿಕಿ ಹಾಕುತ್ತಿತ್ತು. ಗೋದಾವರಿ ಹೇಳಿದಂತೆ, ಮಾಡಿದ್ದನ್ನೆಲ್ಲ ಹೇಳಿಕೊಳ್ಳುತ್ತಿದ್ದಳು. "ನೋಡು ಶಾಂಭವಿ, ಹಿಟ್ಟು ಹಾಕ್ದೆ. ನೀಳ್ಳು... ನೀರು ಹಾಕ್ದೆ. ಈಗ ಬಡೀತೀನಿ." ರೊಟ್ಟಿ ಅಂಚಿನಿಂದ ನಡುವಿನ ತನಕ ಸೀಳಿತು. ಮತ್ತೊಂದು ಬಡಿದಳು, ಅದೂ ಸೀಳಿತು. ಬಾಗಿಲಲ್ಲಿ ಕಾಲು ಚಾಚಿ ಕೂತಿದ್ದ ಅಂಬವ್ವನಿಗೆ ಹಿತವಾಯಿತು. ಎಸರು ಕುದಿಯದೆ ಹಿಟ್ಟು ಕಲಸಿದರೆ ಇನ್ನೇನಾಗುತ್ತದೆ? ಮೂರನೆಯದಕ್ಕೆ ಹಂಚು ತಾಗಿ ಬೆರಳು ಸುಟ್ಟಿತು. ಸ್ನೇಹಲತಾ ಬೆರಳನ್ನು ಗಾಳಿಗೆ ಹಿಡಿದು, "ಹಂಚು ಸುಡ್ತದ ಅವ್ವಿ, ಮುಟ್ಟಬಾರದು," ಎಂದು ಹೇಳುತ್ತಲೇ ಒಲೆ ಆರಿಸಿ ನಲ್ಲಿಯ ಕಡೆ ಹೋದಳು.

ಶಾಂಭವಿ ಹಿಟ್ಟಿನ ಉಂಡೆಯೊಂದನ್ನು ಎಳೆದುಕೊಂಡು ಎರಡೂ ಅಂಗೈಯಿಂದ ಬಡಿಯತೊಡಗಿತು. ಅದು ಒಡೆಯಿತು. ಕೂಸು ಒಡೆದ ಚೂರುಗಳನ್ನು ನೋಡಿತು, ತಲೆ ಎತ್ತಿ ಆಯಿಯನ್ನು ನೋಡಿತು, ಮತ್ತೆ ಹಿಟ್ಟಿನ ಕಡೆ ತಿರುಗಿತು. ಎದ್ದು ಬಂದು ಸೆರಗು ಎಳೆಯಲಿಲ್ಲ. ಅಂಬವ್ವ ನಿನ್ನೆಯನ್ನು ನೆನೆದಳು, ಮೊನ್ನೆಯನ್ನು ನೆನೆದಳು. ನಿನ್ನೆಯೂ ಎಳೆದಿರಲಿಲ್ಲ.

ಶಿವರಾತ್ರಿಗೆ ಇನ್ನೂ ಏಳು ದಿನವಿತ್ತು.

"ಬಾ ನನ್ನ ಬಂಗಾರ," ಎಂದಳು ಅಂಬವ್ವ. ತುಕ್ಕು ಹಿಡಿದ ಚಿಲಕ ಸರಿಸಿದ ಹಾಗೆ ಬಂತು ದನಿ. "ಎಸರು ಕುದ್ದಿಲ್ಲವ್ವ ಅದು, ಅದಕ್ಕಽ ಒಡದೈತಿ. ಬಾ, ನಾ ತೋರಸ್ತೀನಿ."

ಕೂಸು ಬೆಚ್ಚಿತು. ತಾಯಿ ಹೋದ ಕಡೆಗೊಮ್ಮೆ ನೋಡಿತು. ಆಮೇಲೆ ಓಡಿ ಬಂದು, ಹಿಟ್ಟು ಮೆತ್ತಿದ ಅಂಗೈಯನ್ನು ಆಯಿಯ ಬಾಯಿಯ ಮೇಲೆ ಒತ್ತಿ ಹಿಡಿದು, ಇನ್ನೊಂದು ಕೈಯ ಬೆರಳನ್ನು ತನ್ನ ತುಟಿಗೆ ಇಟ್ಟುಕೊಂಡಿತು.

"ಶ್."

ಸ್ನೇಹಲತಾ ನಲ್ಲಿ ನಿಲ್ಲಿಸಿದಳು. ಅತ್ತೆ ಸೊಸೆ ಒಬ್ಬರನ್ನೊಬ್ಬರು ನೋಡಿದರು. ಹಿಟ್ಟಿನ ಪುಟ್ಟ ಕೈಯನ್ನು ಅಂಬವ್ವ ಸರಿಸಲಿಲ್ಲ.

ಕ್ವಾರ್ಟರ್ಸಿನ ಹಿಂದೆ ರೈಲೊಂದು ಬಂತು. ಗೂಡಿನಲ್ಲಿದ್ದ ಲೋಟಗಳು ಸಣ್ಣಗೆ ಅದುರಿದವು. ಶಾಂಭವಿ ಕಿಟಕಿಯ ಕಡೆ ಕತ್ತು ತಿರುಗಿಸಿತು. ಬೆರಳಿನ ಹಿಂದೆ ಅದರ ತುಟಿ ಬಂಡಿ ಎನ್ನಲು ಹೊರಟಂತೆ ಒಂದಿಷ್ಟು ತೆರೆದು, ರೈಲಿನ ಕೊನೆಯ ಡಬ್ಬಿ ದಾಟುವ ತನಕ ಹಾಗೇ ಇತ್ತು.